ಮೆಣಸಿಲ್ಲದ ಕರ್ಪೂರ

ಕರ್ಪೂರದ ಡಬ್ಬಿಗೆ ನಾಲ್ಕು ಮೆಣಸಿನ ಕಾಳು ಹಾಕದಿದ್ದರೆ ಕರ್ಪೂರ ಹಾರಿಹೋಗುತ್ತದೆ ಎಂದು ನಮ್ಮ ಮನೆಯಲ್ಲಿ ಎಲ್ಲರೂ ನಂಬಿದ್ದರು. ನಾನು ನಂಬಿರಲಿಲ್ಲ. ವಿಜ್ಞಾನ ಓದಿದ ಸೊಕ್ಕು ಅದು, ಈಗ ಒಪ್ಪಿಕೊಳ್ಳುತ್ತೇನೆ.

ಕೊಡಗು ಆಗಿನ್ನೂ ಬೇರೆ ರಾಜ್ಯ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಬೇಸಾಯಕ್ಕೆ ನೆಲೆ ನಿಂತವರು ನಾವು. ನನಗೆ ಭಾಗಮಂಡಲದ ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿದಾಗ ಅಮ್ಮ ಸುತರಾಂ ಬೇಡವೆಂದಳು. ಮನೆ ತುಂಬ ಅಣ್ಣ, ಅತ್ತಿಗೆ, ಅವರ ಮಕ್ಕಳು. ಆದರೂ ಅವಳಿಗೆ ಮಾತಿಗೆ ನಾನೇ ಬೇಕು. ಮಾತಿಗೆ ಮಾತು ಬೆಳೆಯಿತು. "ನೀನು ಕರೆದ್ರೂ ಬರೋಲ್ಲ" ಎಂದುಬಿಟ್ಟೆ. ಹೊರಡುವ ಬೆಳಿಗ್ಗೆ ಅವಳು ಒಂದು ಹಿತ್ತಾಳೆ ಡಬ್ಬಿಯನ್ನು ನನ್ನ ಟ್ರಂಕಿನಲ್ಲಿಟ್ಟಳು.

"ಶುಕ್ರವಾರ ಶುಕ್ರವಾರ ಒಂದೊಂದು ಬಿಲ್ಲೆ ಹಚ್ಚು. ನಾನಂತೂ ಕರೆಯೋಲ್ಲ. ಇದು ಮುಗ್ದಾಗ ಬಂದ್ಬಿಡು ಕಣೆ."

ಭಾಗಮಂಡಲದ ಕೋಣೆಯಲ್ಲಿ ಡಬ್ಬಿ ತೆರೆದೆ. ಮುಚ್ಚಳಕ್ಕೆ ಬಟ್ಟೆಪಟ್ಟಿ ಬಿಗಿದಿದ್ದಳು. ಒಳಗೆ ಬಿಲ್ಲೆಗಳ ನಡುವೆ ಏಳೆಂಟು ಮೆಣಸಿನ ಕಾಳು. ಪದಾರ್ಥದ ಕಣಗಳ ಪಾಠ ಮಾಡಲು ಬಂದವಳಿಗೆ ಇದೇ ಬುತ್ತಿಯೇ ಎಂದು ಮೈಯೆಲ್ಲ ಉರಿಯಿತು. ಕಾಳುಗಳನ್ನು ಕುಟ್ಟಿ ಅಂದಿನ ಸಾರಿಗೆ ಹಾಕಿದೆ. ಬಟ್ಟೆಪಟ್ಟಿ ಲ್ಯಾಂಪಿನ ಗಾಜು ಒರೆಸಲು ಒದಗಿತು. ಡಬ್ಬಿಯನ್ನು ಟ್ರಂಕಿನಲ್ಲಿ ಸೀರೆಗಳ ನಡುವೆ ತುರುಕಿದೆ, ಒಂದು ಬಿಲ್ಲೆಯನ್ನೂ ಹಚ್ಚಲಿಲ್ಲ. ಹಚ್ಚಿದರೆ ತಾನೇ ಮುಗಿಯುವುದು?

ಮಳೆ ಹಿಡಿಯಿತು. ಹೆಂಚಿನ ಮೇಲಿನ ಸದ್ದಿಗೆ ನನ್ನ ಪಾಠ ಮೊದಲ ಬೆಂಚು ದಾಟುತ್ತಿರಲಿಲ್ಲ. ಕೂಗಿ ಸಾಕಾಗಿ ಮಕ್ಕಳನ್ನೇ ಕಣಗಳನ್ನಾಗಿ ಮಾಡಿದೆ. ಮಂಜುಗಡ್ಡೆಯೆಂದರೆ ಹೆಗಲಿಗೆ ಹೆಗಲು ಕೊಟ್ಟು ನಿಂತಲ್ಲೇ ನಡುಗಬೇಕು. ನೀರೆಂದರೆ ಒಬ್ಬರ ಪಕ್ಕ ಒಬ್ಬರು ಜಾರಿ ಓಡಾಡಬೇಕು. ಆವಿಯೆಂದರೆ ಕೈಬಿಟ್ಟು ದಿಕ್ಕಿಗೊಬ್ಬರಂತೆ ಚದುರಬೇಕು. ಮೊದಲೆರಡು ಚೆನ್ನಾಗಿಯೇ ಆದವು. ಆವಿಯಾಗಿ ಎಂದರೆ ಮಾತ್ರ ಒಂದೂ ಕದಲಲಿಲ್ಲ. ಆ ಚಳಿಯಲ್ಲಿ ಪಕ್ಕದವರ ಬೆಚ್ಚಗಿನ ಮೈ ಬಿಟ್ಟು ಹೋಗುವುದು ಯಾರಿಗೆ ಬೇಕು? ಕೋಣೆಯ ಇನ್ನೊಂದು ಮೂಲೆಯಲ್ಲಿ ಒಂಟಿಯಾಗಿ ನಿಂತಿದ್ದವಳು ನಾನೊಬ್ಬಳೇ.

ದಸರಾ ರಜೆ ಬಂತು, ಹೋಯಿತು. ಜೊತೆಯ ಶಿಕ್ಷಕರೆಲ್ಲ ಊರಿಗೆ ಹೋದರು. ಬಸ್ಸು ಮಡಿಕೇರಿಗೆ ಹೊರಡುವ ಹೊತ್ತಿಗೆ ದಿನಾ ಬಾಗಿಲಲ್ಲಿ ನಿಲ್ಲುತ್ತಿದ್ದೆ, ಹತ್ತುತ್ತಿರಲಿಲ್ಲ. ಅಮ್ಮ ಬೇಕಿತ್ತು. ಆದರೆ ಕರೆದರೂ ಬರೋಲ್ಲ ಎಂದು ಆಡಿಬಿಟ್ಟಿದ್ದೆ. ಆ ದಿನಗಳಲ್ಲಿ ನನ್ನ ಸೀರೆಗಳು ಅಮ್ಮನ ದೇವರ ಗೂಡಿನಂತೆ ಘಮಘಮ ಎನ್ನುತ್ತಿದ್ದವು. ಮನೆಯ ನೆನಪಿಗೆ ಹಾಗೆನಿಸುತ್ತದೆ ಎಂದುಕೊಂಡೆ. ಮೂಗಿನ ತುದಿಯಲ್ಲಿದ್ದ ಪಾಠ ತಲೆಗೆ ಹೋಗಲಿಲ್ಲ.

ಕೆಲವು ವಸ್ತುಗಳು ಕರಗಿ ನೀರಾಗದೆ ನೇರ ಆವಿಯಾಗುತ್ತವೆ ಎಂಬ ಪಾಠ ಬಂದಾಗ ಡಬ್ಬಿಯನ್ನು ತರಗತಿಗೆ ಒಯ್ದೆ. ತೋರಿಸುವುದಷ್ಟೇ, ಹಚ್ಚುವುದಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಎಲ್ಲರೆದುರು ಮುಚ್ಚಳ ತೆಗೆದೆ. ಒಳಗೆ ಏನೂ ಇರಲಿಲ್ಲ. ಪರಿಮಳ ಮಾತ್ರ ಕೊನೆಯ ಬೆಂಚಿನವರೆಗೂ ಹೋಯಿತು.

ಮುಂದೆ ಕೂತಿದ್ದ, ಮನೆಯಲ್ಲಿ ಅರೆಭಾಷೆ ಆಡುವ ಹುಡುಗಿ ಕತ್ತು ಚಾಚಿ ನೋಡಿ ಕೇಳಿದಳು: "ಒಳ್ಳೆಮೆಣ್ಸು ಹಾಕಿಲ್ಲೆನಾ ಟೀಚರೇ?"

ತರಗತಿಯೆಲ್ಲ ನಕ್ಕಿತು. ಕಾಳುಮೆಣಸಿಗೆ ಕರ್ಪೂರವನ್ನು ಹಿಡಿದಿಡುವ ಶಕ್ತಿಯಿಲ್ಲ, ಕಣಗಳು ಒಂದೊಂದಾಗಿ ಕಳಚಿಕೊಂಡು ಸಂದಿಯಲ್ಲಿ ಹೊರಟುಹೋಗುತ್ತವೆ ಎಂದು ಗಟ್ಟಿ ದನಿಯಲ್ಲಿ ವಿವರಿಸಿದೆ. ಹೇಳುತ್ತಿದ್ದಂತೆ ಹೊಳೆಯಿತು: ಮೆಣಸು ಹಾಕುವಷ್ಟು ಜೋಪಾನ ಇದ್ದವರು ಮುಚ್ಚಳವನ್ನೂ ಬಿಗಿಯುತ್ತಾರೆ. ನಾನು ಎರಡನ್ನೂ ಬಿಟ್ಟಿದ್ದೆ. ಬೋರ್ಡಿನ ಕಡೆ ತಿರುಗಿ ಕಣ್ಣೊರೆಸಿಕೊಂಡೆ. ಹಚ್ಚದೆಯೇ ಮುಗಿದಿತ್ತು. ಮುಗಿದ ಮೇಲೆ ಹೋಗಬೇಕಲ್ಲ.

ಶನಿವಾರ ಎರಡು ಬಸ್ಸು ಹಿಡಿದು ಮನೆ ಸೇರಿದೆ. ಅಮ್ಮ ಹೊಸಿಲಲ್ಲೇ ಕೇಳಿದಳು, "ಮುಗೀತಾ?"

"ಮುಗೀತು."

ಡಬ್ಬಿ ತೆಗೆದು ಒಳಗೆ ನೋಡಿದಳು. "ಮೆಣಸೆಲ್ಲಿ?"

"ಸಾರಿಗೆ ಹಾಕ್ದೆ."

ಬೈಯುತ್ತಾಳೆಂದು ಕಾದೆ. ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. "ಸದ್ಯ, ಒಳ್ಳೇ ಕೆಲ್ಸ ಮಾಡ್ದೆ. ಮರೆತು ಮೆಣಸು ಹಾಕಿ ಕಳಿಸ್ಬಿಟ್ನಲ್ಲ, ಬೇಗ ಮುಗಿಯೋಲ್ವಲ್ಲ ಅಂತ ನಾನೇ ಒದ್ದಾಡ್ತಿದ್ದೆ ಕಣೆ."

ಮೆಣಸಿಗೂ ಕರ್ಪೂರಕ್ಕೂ ಸಂಬಂಧವಿಲ್ಲವೆಂದು ನಾನು ಹೇಳಲಿಲ್ಲ.

ಸೋಮವಾರ ಬೆಳಿಗ್ಗೆ ಮತ್ತೆ ಡಬ್ಬಿ ತುಂಬಿಸಿ ಕೊಟ್ಟಳು. ಬಸ್ಸಿನಲ್ಲಿ ಕೂತು ನೋಡಿದೆ. ಒಳಗೆ ಒಂದೂ ಮೆಣಸಿನ ಕಾಳಿರಲಿಲ್ಲ. ಮುಚ್ಚಳಕ್ಕೆ ಮಾತ್ರ ಅಭ್ಯಾಸಬಲದಿಂದ ಬಟ್ಟೆಪಟ್ಟಿ ಭದ್ರವಾಗಿ ಸುತ್ತಿದ್ದಳು. ಮಡಿಕೇರಿ ಬರುವ ಮೊದಲೇ ಅದನ್ನು ಬಿಚ್ಚಿ, ಮುಚ್ಚಳವನ್ನು ಸ್ವಲ್ಪ ಸಡಿಲ ಮಾಡಿಟ್ಟೆ.