ಅಪ್ಪನ ಕೈಗೆ ತಕ್ಕ ದಾರ

ಮೇಷ್ಟ್ರು ಟಾರ್ಪಾಲಕ್ಕನನ್ನು ಮೊದಲು ಕಂಡದ್ದು ಒಂದು ಚೀಲದ ನೆಪದಲ್ಲಿ. ಶಾಲೆಯಿಂದ ನಿವೃತ್ತರಾಗಿ ಎರಡು ತಿಂಗಳಾಗಿತ್ತು. ಮನೆಯಲ್ಲಿ ಕೂತಲ್ಲಿ ನಿಂತಲ್ಲಿ ಹೆಂಡತಿಯ ಕಾಲಿಗೆ ತೊಡರುತ್ತಿದ್ದ ಅವರು, ಮೀನು ಹಿಡಿಯುವುದನ್ನಾದರೂ ಕಲಿಯೋಣವೆಂದು ಗಾಳದ ಕೋಲು, ರೀಲು ಎಲ್ಲ ಕೊಂಡಿದ್ದರು. ಕೋಲಿಗೊಂದು ಕ್ಯಾನ್ವಾಸ್ ಚೀಲ ಬೇಕಿತ್ತು. ಬಂದರಿನ ಬೀದಿಯಲ್ಲಿ ದೋಣಿಗಳಿಗೆ ಟಾರ್ಪಾಲಿನ ಹೊದಿಕೆ ಹೊಲಿಯುವ ಹೆಂಗಸೊಬ್ಬಳಿದ್ದಾಳೆ, ಟಾರ್ಪಾಲಕ್ಕ ಎಂದೇ ಎಲ್ಲರೂ ಕರೆಯುವುದು, ಅವಳ ಹೊಲಿಗೆ ಬಿಚ್ಚಿದ್ದನ್ನು ಯಾರೂ ಕಂಡಿಲ್ಲ ಎಂದು ಯಾರೋ ಹೇಳಿದರು.

ಅಂಗಡಿ ಎಂದರೆ ಒಂದೇ ಕೋಣೆ. ಮುಕ್ಕಾಲು ಪಾಲು ಜಾಗವನ್ನು ನೆಲದ ಮೇಲೆ ಹರಡಿದ ನೀಲಿ ಟಾರ್ಪಾಲೇ ನುಂಗಿತ್ತು. ಅದರ ನಡುವೆ ದಪ್ಪ ಬಟ್ಟೆ ಹೊಲಿಯುವ ಹಳೆಯ ಯಂತ್ರ, ಯಂತ್ರದ ಹಿಂದೆ ನಲವತ್ತರ ಆಸುಪಾಸಿನ ಹೆಂಗಸು. ಬಾಯಲ್ಲಿ ಎರಡು ಗುಂಡುಸೂಜಿ, ಕಿವಿಯ ಮೇಲೆ ಸೀಮೆಸುಣ್ಣದ ತುಂಡು. ಬಾಗಿಲ ಬಳಿಯ ಬೆಂಚಿನ ಮೇಲೆ ಒಬ್ಬ ಮುದುಕ ಸಮುದ್ರಕ್ಕೆ ಬೆನ್ನು ಹಾಕಿ ಗೋಡೆ ನೋಡುತ್ತ ಕೂತಿದ್ದ.

ಕೋಲಿನ ಅಳತೆ ತೆಗೆದುಕೊಂಡಾದ ಮೇಲೂ ಮೇಷ್ಟ್ರು ಹೊರಡಲಿಲ್ಲ. ರೀಲಿನ ಬಗ್ಗೆ ದೂರತೊಡಗಿದರು. "ಬ್ರೇಕು ಕೆಟ್ಟಿದೆ ಕಣಮ್ಮ. ಎಷ್ಟು ಬಿಗಿ ಮಾಡಿದರೂ ದಾರ ಎಳೆದ ಹಾಗೆಲ್ಲ ಬಂದುಬಿಡುತ್ತೆ. ಹೊಸದು ಬೇರೆ."

ಅವಳು ಸೂಜಿಗಳನ್ನು ಬಾಯಿಂದ ತೆಗೆದು ರೀಲನ್ನು ಕೈಗೆ ತೆಗೆದುಕೊಂಡಳು. ಸುತ್ತಿದ್ದ ದಾರದ ಮೇಲೆ ಹೆಬ್ಬೆರಳಿಟ್ಟು ಪಕ್ಕಕ್ಕೆ ನೂಕಿದಳು. ಸಡಿಲವಾದ ಬಳೆ ಕೈಯಲ್ಲಿ ತಿರುಗುವಂತೆ ದಾರದ ಉಂಡೆ ಇಡಿಯಾಗಿ ಉರುಳೆಯ ಮೇಲೆ ತಿರುಗಿತು.

"ಬ್ರೇಕು ಚೆನ್ನಾಗೇ ಇದೆ ಮೇಷ್ಟ್ರೇ. ದಾರ ಜಾರ್ತಾ ಇದೆ. ನುಣ್ಣನೆ ಲೋಹದ ಮೇಲೆ ಇಷ್ಟು ನುಣ್ಣನೆ ದಾರ ಸುತ್ತಿದ್ರೆ ಎಲ್ಲಿ ಹಿಡ್ಕೊಳ್ಳುತ್ತೆ? ಅಡಿಯಲ್ಲಿ ನಾಲ್ಕು ಸುತ್ತು ನೈಲಾನ್ ಹಾಕಿ, ಅದಕ್ಕೆ ಇದನ್ನ ಗಂಟು ಹಾಕಿ. ಹೊಲಿಗೆ ಯಂತ್ರದ ಬಾಬಿನ್‌ನಲ್ಲಿ ನಮಗೂ ಇದೇ ಗೋಳು."

"ನೀನು ಮೀನು ಹಿಡೀತೀಯಾ?"

"ನಾನಾ? ನನಗೆ ದಾರ ಗೊತ್ತು, ಅಷ್ಟೇ. ಮೀನು ಹಿಡಿಯೋರು ಅಲ್ಲಿ ಕೂತಿದ್ದಾರೆ ನೋಡಿ, ಗೋಡೆ ಕಾಯ್ತಾ."

ಬೆಂಚಿನ ಮುದುಕ ತಿರುಗದೆಯೇ ಹೇಳಿದ: "ಕೋಲು ಹಿಡ್ಕೊಂಡು ಮೀನು ಹಿಡಿಯೋದು ಛತ್ರಿ ಹಿಡ್ಕೊಂಡು ಈಜಿದ ಹಾಗೆ."

ಆತ ಅವಳ ಅಪ್ಪ. ನಲವತ್ತೈದು ವರ್ಷ ಬರಿಗೈಯಲ್ಲಿ ನೈಲಾನ್ ದಾರ ಬಿಟ್ಟು ಮೀನು ಹಿಡಿದವನು. ಕೋಲಿಲ್ಲ, ರೀಲಿಲ್ಲ, ಬಲಗೈಯ ತೋರುಬೆರಳಿಗೆ ದಾರವನ್ನು ಒಂದು ಸುತ್ತು ಸುತ್ತಿಕೊಂಡರೆ ತಳದಲ್ಲಿ ಮೀನು ಬಾಯಿ ತೆರೆದದ್ದೂ ಅವನಿಗೆ ತಿಳಿಯುತ್ತಿತ್ತಂತೆ. ಹಿಂದಿನ ವರ್ಷ ಲಕ್ವ ಹೊಡೆಯಿತು. ನಡಿಗೆ ಬಂತು, ಮಾತು ಬಂತು, ಬಲಗೈಗೆ ಶಕ್ತಿಯೂ ಮರಳಿತು. ಬೆರಳುಗಳ ಸ್ಪರ್ಶ ಮಾತ್ರ ಬರಲಿಲ್ಲ. ಮೀನು ಬಂದದ್ದು ಗೊತ್ತಾಗದ ಕೈಯನ್ನು ಹಿಡಿದುಕೊಂಡು ದಡದಲ್ಲಿ ನಿಲ್ಲಲಾರೆನೆಂದು ಅವನು ಹಟ ಹಿಡಿದ. ಆಮೇಲೆ ಸಮುದ್ರದ ಕಡೆ ಮುಖ ಹಾಕಿ ಕೂರುವುದನ್ನೂ ಬಿಟ್ಟ. ಊಟ ಅರ್ಧಕ್ಕಿಳಿಯಿತು. ಮಾತು ಬರೀ ಕೊಂಕಾಯಿತು. ಮಗಳಿಗೆ ಕೊಂಕಿನ ಬಗ್ಗೆ ಚಿಂತೆಯಿರಲಿಲ್ಲ. ಅದೂ ನಿಂತರೆ ಏನು ಮಾಡಲಿ ಎಂಬುದೇ ಅವಳ ಚಿಂತೆ.

ಅಂದು ಅವಳು ಮೇಷ್ಟ್ರ ದಾರದ ತುದಿಯನ್ನು ಸೂಜಿಯಿಂದ ಬಿಡಿಸಿ ನೋಡಿದಳು. ಕೂದಲಿಗಿಂತ ಸಣ್ಣ ಎಂಟು ಎಳೆಗಳು ಜಡೆಯಂತೆ ಒಂದರೊಳಗೊಂದು ಹೆಣೆದುಕೊಂಡಿದ್ದವು. ಎರಡೂ ಕೈಯಿಂದ ಜಗ್ಗಿದಳು. ಕೂದಲೆಳೆಯಷ್ಟೂ ಹಿಗ್ಗಲಿಲ್ಲ.

"ಮೇಷ್ಟ್ರೇ, ಒಂದುಪಕಾರ ಮಾಡಿ. ಈ ತುದಿ ಹಿಡ್ಕೊಂಡು ಆ ದೀಪದ ಕಂಬದ ತನಕ ಹೋಗಿ. ಬಿಗಿಯಾಗಿ ಹಿಡ್ಕೊಂಡು ಉಗುರಲ್ಲಿ ಒಂದು ಸಲ ಮೀಟಿ."

ಮೂವತ್ತೈದು ವರ್ಷ ಮಕ್ಕಳನ್ನು ಎಬ್ಬಿಸಿ ನಿಲ್ಲಿಸಿದವರು ಈಗ ತಾವೇ ಬೀದಿಯ ಕಂಬದ ಬಳಿ ಹೋಗಿ ನಿಂತರು. ಅವಳು ಯಂತ್ರದ ಬಳಿ ಕಣ್ಣು ಮುಚ್ಚಿ ದಾರ ಹಿಡಿದಳು. ಮೇಷ್ಟ್ರು ಮೀಟಿದರು. ಅವಳ ಹುಬ್ಬು ಮೇಲೇರಿತು. ಅಪ್ಪನ ಹಳೆಯ ನೈಲಾನ್ ದಾರದಲ್ಲೂ ಅದನ್ನೇ ಮಾಡಿಸಿದಳು. ಪಕ್ಕದ ಮನೆಯವರ ಮಾತು ಗೋಡೆಯಾಚೆ ಗೊಣಗೊಣ ಕೇಳುವಂತೆ ಏನೋ ಒಂದು ಬಂತು, ಏನೆಂದು ತಿಳಿಯಲಿಲ್ಲ. ನೈಲಾನ್ ಹಿಗ್ಗುತ್ತದೆ, ಸುದ್ದಿಯನ್ನು ದಾರಿಯಲ್ಲೇ ತಿಂದುಬಿಡುತ್ತದೆ. ಹೆಣೆದ ದಾರ ಹಾಗಲ್ಲ, ಹೇಳಿದ್ದನ್ನು ಹೇಳಿದಂತೆಯೇ ತಂದೊಪ್ಪಿಸುತ್ತದೆ.

ಅಪ್ಪನಿಗೆ ಇದೇ ಬೇಕು ಎಂದು ಅವಳು ಆ ಕ್ಷಣವೇ ತೀರ್ಮಾನಿಸಿದಳು.

ಮರುದಿನ ಗಾಳದಂಗಡಿಗೆ ಹೋಗಿ ಅಂಗಡಿಯವನ ಪ್ರಾಣ ತಿಂದಳು. ನಾಲ್ಕೆಳೆಯದು ಬೇರೆ, ಎಂಟೆಳೆಯದು ಬೇರೆ ಎಂದು ಅವನು ಬಿಡಿಸಿ ಹೇಳಿದ. ನಾಲ್ಕೆಳೆಯದು ಒರಟು, ಕೋಲಿನುದ್ದಕ್ಕೂ ಇರುವ ಸಣ್ಣ ಬಳೆಗಳಲ್ಲಿ ಸರಿಯುವಾಗ ಗರಗರ ಎನ್ನುತ್ತದೆ, ಆದರೆ ತಾಳಿಕೆ ಹೆಚ್ಚು. ಎಂಟೆಳೆಯದು ದುಂಡಗೆ, ನುಣುಪು. ಅವಳು ಪ್ರತಿಯೊಂದರಲ್ಲೂ ಒಂದೊಂದು ಗೇಣು ಕೇಳಿ ತಂದು ಉಪ್ಪುನೀರಲ್ಲಿ ನೆನೆಹಾಕಿದಳು, ಕಿಟಕಿಯ ಸರಳಿಗೆ ಕಟ್ಟಿ ಇಸ್ತ್ರಿಪೆಟ್ಟಿಗೆ ತೂಗುಹಾಕಿದಳು, ಒದ್ದೆ ಕಲ್ಲಿನ ಅಂಚಿಗೆ ಉಜ್ಜಿದಳು. ನೈಲಾನ್ ಉಜ್ಜಾಟಕ್ಕೆ ಬಹಳ ಹೊತ್ತು ತಾಳಿತು. ಹೆಣೆದದ್ದು ಬೇಗ ಎಳೆ ಬಿಟ್ಟಿತು. ಹಾಗಾದರೆ ಬಂಡೆಗೆ ತಾಗುವ ಕೊನೆಯ ಎರಡು ಮಾರು ನೈಲಾನ್ ಇರಬೇಕು ಎಂದು ಗೋಡೆಯ ಮೇಲೆ ಬರೆದುಕೊಂಡಳು. ನೈಲಾನಿಗೆ ಹಾಕುತ್ತಿದ್ದ ಗಂಟು ಹೆಣೆದ ದಾರದಲ್ಲಿ ಜಾರಿಕೊಂಡಿತು. ಸುತ್ತುಗಳನ್ನು ಎರಡರಷ್ಟು ಮಾಡಿ, ಎಂಜಲು ಹಚ್ಚಿ, ನಿಧಾನವಾಗಿ ಬಿಗಿದಾಗ ನಿಂತಿತು. ಏಳನೆಯ ತರಗತಿಗೇ ಶಾಲೆ ಬಿಟ್ಟವಳು ಆ ಗೋಡೆಯ ಮೇಲೆ ಬರೆದಿಟ್ಟ ಪಟ್ಟಿಯನ್ನು ನೋಡಿ ಮೇಷ್ಟ್ರು ಮನಸ್ಸಿನಲ್ಲೇ ನೂರಕ್ಕೆ ನೂರು ಕೊಟ್ಟರು.

ತಪ್ಪಿದ್ದು ಒಂದೇ ಕಡೆ. ಅವಳು ಅತಿ ಸಣ್ಣದನ್ನು ಆರಿಸಿದಳು. ಅಷ್ಟು ಸಣ್ಣ ದಾರ ಅಷ್ಟು ಭಾರ ಹೊರುವುದನ್ನು ಕಂಡು ಅವಳೊಳಗಿನ ದರ್ಜಿ ಮರುಳಾಗಿದ್ದಳು.

ಭಾನುವಾರ ಬೆಳಿಗ್ಗೆ ಅಪ್ಪನನ್ನು ಗೋಗರೆದು, ಗದರಿಸಿ, ಕೊನೆಗೆ "ಹೆದರಿಕೆಯಾದ್ರೆ ಬೇಡ ಬಿಡು" ಎಂದು ಚುಚ್ಚಿ ಅಲೆತಡೆಗೋಡೆಗೆ ಕರೆದೊಯ್ದಳು. ಮೇಷ್ಟ್ರೂ ಹಿಂದೆ ಹೋದರು. ಕೋಲು ಮುಟ್ಟುವುದಿಲ್ಲ ಎಂದು ಅಪ್ಪ ಮೊದಲೇ ಹೇಳಿಬಿಟ್ಟಿದ್ದ. ಹಳೆಯ ರೂಢಿಯಂತೆ ಹೊಸ ದಾರವನ್ನು ತೋರುಬೆರಳಿಗೆ ಒಂದು ಸುತ್ತು ಸುತ್ತಿ ನೀರಿಗೆ ಬಿಟ್ಟ. ಕಾಲು ಗಂಟೆಯಾಗಿರಬಹುದು. ದಾರ ಸರ್ರನೆ ಓಡಿತು. ಅಪ್ಪ ಎರಡೂ ಕೈಯಿಂದ ಎಳೆದು ಮೀನನ್ನು ಬಂಡೆಯ ಮೇಲೆ ಹಾಕಿದ. ಮೇಷ್ಟ್ರು ಚಪ್ಪಾಳೆ ತಟ್ಟಿದರು. ಮಗಳು ತಟ್ಟಲಿಲ್ಲ. ಅವಳ ಕಣ್ಣು ಬಂಡೆಯ ಮೇಲೆ ತೊಟ್ಟಿಕ್ಕುತ್ತಿದ್ದ ರಕ್ತದ ಮೇಲಿತ್ತು.

"ಅಪ್ಪಾ, ನಿನ್ನ ಬೆರಳು!"

ಅಪ್ಪ ಬೆರಳನ್ನು ಮೇಲೆತ್ತಿ, ಅದು ಬೇರೆ ಯಾರದೋ ಎಂಬಂತೆ ನೋಡಿದ. ದಾರ ಮೂಳೆಯ ತನಕ ಕೊಯ್ದಿತ್ತು.

"ಮೀನು ಬಂದದ್ದೂ ಗೊತ್ತಾಗಲಿಲ್ಲ," ಎಂದ ಮೆಲ್ಲಗೆ. "ದಾರ ಓಡಿದ್ದು ಕಣ್ಣಿಗೆ ಕಾಣ್ತು, ಎಳೆದೆ. ಕೊಯ್ದದ್ದೂ ಗೊತ್ತಾಗಲಿಲ್ಲ."

ಡಾಕ್ಟರು ಐದು ಹೊಲಿಗೆ ಹಾಕಿದರು. ಮನೆಗೆ ಬಂದ ಮೇಲೆ ಅಪ್ಪ, "ಸಾಕು ಮಗಳೇ, ಇನ್ನು ಆ ಮಾತು ಎತ್ತಬೇಡ" ಎಂದ. ಆ ಮಾತಿನಲ್ಲಿ ಕೊಂಕಿರಲಿಲ್ಲ. ಅವಳು ಹೆದರಿದ್ದು ಅದಕ್ಕೇ. ಈಗ ಎಬ್ಬಿಸದಿದ್ದರೆ ಅಪ್ಪ ಇನ್ನೆಂದೂ ಆ ಬೆಂಚಿನಿಂದ ಏಳುವುದಿಲ್ಲ.

ಮೂರು ದಿನ ಅವಳು ಯಂತ್ರ ಓಡಿಸುತ್ತ ಯೋಚಿಸಿದಳು. ದಾರ ಸುಳ್ಳು ಹೇಳಲಿಲ್ಲ. ಸುದ್ದಿಯನ್ನು ಸರಿಯಾಗಿಯೇ ತಂದಿತು. ಅದನ್ನು ಕಿವುಡನ ಕೈಗೆ ಕೊಡಿಸಿದವಳು ತಾನು. ಹಾಗಾದರೆ ಆ ಕೈಯಲ್ಲಿ ಕೇಳಿಸಿಕೊಳ್ಳುವ ಜಾಗ ಯಾವುದು?

ನಾಲ್ಕನೆಯ ದಿನ ಬೆಂಚಿನ ಮುಂದೆ ಸ್ಟೂಲು ಎಳೆದುಕೊಂಡು ಕೂತಳು.

"ಅಪ್ಪ, ಕಣ್ಣು ಮುಚ್ಚು. ಅಂಗಿ ತೋಳು ಮಡಚು."

"ಏನೇ ಇದು, ನನಗೇನು ಅಂಗಿ ಹೊಲೀತೀಯಾ?"

"ಮುಚ್ಚು ಅಂದ್ರೆ ಮುಚ್ಚು. ದಾರ ಆರಿಸಿದ್ದು ನನ್ನ ತಪ್ಪು. ತಿದ್ಕೊಳ್ಳೋಕೆ ಬಿಡು."

ಗುಂಡುಸೂಜಿಯ ಗುಂಡನೆಯ ತಲೆಯಿಂದ ಬೆರಳ ತುದಿಯನ್ನು ಒತ್ತಿದಳು. "ಇಲ್ಲಿ?"

"ಊಹೂಂ."

"ಇಲ್ಲಿ?" ಅಂಗೈಯ ನಡುವೆ.

"ಇಲ್ಲ. ಒತ್ತಿದೀಯೋ ಸುಮ್ನೆ ಆಟ ಆಡ್ತಿದೀಯೋ?"

ಮಣಿಕಟ್ಟಿನಲ್ಲೂ ಇಲ್ಲ. ಮಣಿಕಟ್ಟಿನಿಂದ ನಾಲ್ಕು ಬೆರಳು ಮೇಲೆ ಬಂದಾಗ ಅಪ್ಪ ಸರಕ್ಕನೆ ಕೈ ಎಳೆದುಕೊಂಡ.

"ಚುಚ್ತೀಯಲ್ಲೇ!"

"ಚುಚ್ಚಿಲ್ಲ. ಬರೀ ಮುಟ್ಟಿದೆ."

ಅಪ್ಪ ಕಣ್ಣು ತೆರೆದ. ಅವಳು ಕಿವಿಯ ಮೇಲಿದ್ದ ನೀಲಿ ಸೀಮೆಸುಣ್ಣವನ್ನು ತೆಗೆದು ಅವನ ಮುಂಗೈಯ ಸುತ್ತ ಒಂದು ಗೆರೆ ಎಳೆದಳು. ಮೂರು ಸಲ ಪರೀಕ್ಷಿಸಿದರೂ ಗೆರೆ ಅಲ್ಲಿಯೇ ಬಂತು. ಬಟ್ಟೆಗೆ ಅಳತೆ ತೆಗೆಯುವಷ್ಟು ಶಾಂತವಾಗಿ ಈ ಕೆಲಸ ಮುಗಿಸಿದವಳು ಹಿತ್ತಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು.

ಉಳಿದ ಕ್ಯಾನ್ವಾಸ್ ತುಂಡುಗಳಿಂದ ಒಂದು ತೋಳುಪಟ್ಟಿ ಹೊಲಿದಳು. ಎರಡು ಪದರ, ಒಳಗೆ ಮೆತ್ತನೆಯ ಅಸ್ತರು, ಎರಡು ಬಕಲು. ಅದರ ಕೆಳಗೆ ಗಾಳದ ಕೋಲಿನ ಹಿಡಿ ತೂರುವಂಥ ಒಂದು ಕೊಳವೆ. ಹಿಡಿಯ ಹಿಂತುದಿ ನೀಲಿ ಗೆರೆಗಿಂತ ಮೇಲೆ, ಸ್ಪರ್ಶವುಳ್ಳ ಚರ್ಮಕ್ಕೆ ಒತ್ತಿ ನಿಲ್ಲಬೇಕು. ದಾರವನ್ನೂ ಬದಲಾಯಿಸಿದಳು. ಎಂಟೆಳೆಯದೇ, ಆದರೆ ಎರಡು ಅಳತೆ ದಪ್ಪ. ಬೆರಳಿಗೆ ತಾಗಿದರೂ ಗರಗಸವಾಗಬಾರದು. ಅಡಿಗೆ ನೈಲಾನ್, ತುದಿಗೆ ನೈಲಾನ್, ನಡುವೆ ಹೆಣೆದದ್ದು. ರೀಲಿಗೆ ಸುತ್ತುವಾಗ ಒದ್ದೆ ಬಟ್ಟೆಯಲ್ಲಿ ಹಿಡಿದು ಬಿಗಿಯಾಗಿ ಸುತ್ತಿದಳು. ಸಡಿಲ ಬಿಟ್ಟರೆ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಳ್ಳುತ್ತದೆ. ದಾರ ಹಿಗ್ಗದ ಕಾರಣ ಮೀನಿನ ಬಾಯಿ ಹರಿಯಬಾರದೆಂದು ಬ್ರೇಕನ್ನು ಸಡಿಲಿಸಿದಳು. ತೋರುಬೆರಳಿಗೆ ತೊಗಲಿನ ಟೊಪ್ಪಿಯೊಂದನ್ನು ಹೊಲಿದಳು.

"ಇದೇನು, ಕುದುರೆಗೆ ಜೀನು ಕಟ್ತಿದೀಯೋ?" ಎಂದ ಅಪ್ಪ.

ಅಪ್ಪನ ಕೊಂಕು ಮರಳಿತ್ತು. ಮಗಳಿಗೆ ಅರ್ಧ ಜೀವ ಬಂತು.

"ಹೂಂ. ಮೊಂಡು ಕುದುರೆ. ಕೈ ಚಾಚು."

"ಕೋಲು ಹಿಡಿಯೋನಲ್ಲ ನಾನು."

"ಹಿಡೀಬೇಡ. ತೋಳಿಗೆ ಕಟ್ಕೋ. ಒಂದೇ ಸಲ ಬಾ. ಆಮೇಲೂ ಬೇಡ ಅಂದ್ರೆ ನಾನೇ ಆ ಬೆಂಚಿಗೆ ದಿಂಬು ಹೊಲಿದುಕೊಡ್ತೀನಿ."

ಗಾಯ ಮಾಗಿದ ಮೇಲೆ ಒಂದು ಬೆಳಿಗ್ಗೆ ಮೂವರೂ ಮತ್ತೆ ಅಲೆತಡೆಗೋಡೆಯ ತುದಿಗೆ ಹೋದರು. ಅವಳೇ ದಾರ ಎಸೆದುಕೊಟ್ಟಳು. ಸೀಸದ ಗುಂಡು ತಳ ಮುಟ್ಟಿದ ಮೇಲೆ ಸಡಿಲವನ್ನು ಎಳೆದುಕೊಂಡು ಕೋಲನ್ನು ಅಪ್ಪನ ತೋಳಿಗೆ ಕಟ್ಟಿದಳು. ಆಚೀಚೆ ನಿಂತಿದ್ದ ಗಾಳಗಾರರು ಇಣುಕಿ ನೋಡಿದರು. ಒಬ್ಬ, "ಏನಜ್ಜ, ಕೈ ಮುರೀತಾ?" ಎಂದ. "ಇಲ್ಲ, ಬೆಳೀತು" ಎಂದ ಅಪ್ಪ, ಅವನತ್ತ ನೋಡದೆ.

ಬಹಳ ಹೊತ್ತು ಏನೂ ಇಲ್ಲ. ಕೋಲಿನ ತುದಿ ಅಲೆಯೊಂದಿಗೆ ತೂಗುತ್ತಿತ್ತು. ಮೇಷ್ಟ್ರು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಅಪ್ಪನಿಗೆ ಚಾಚಿದರು.

"ತಡೀರಿ," ಎಂದ ಅಪ್ಪ.

ಮೇಷ್ಟ್ರಿಗೂ ಅವಳಿಗೂ ಏನೂ ಕಾಣಲಿಲ್ಲ. ಕೋಲಿನ ತುದಿ ಮೊದಲಿನಂತೆಯೇ ತೂಗುತ್ತಿತ್ತು.

"ಮೂಸ್ತಾ ಇದೆ," ಎಂದು ಅಪ್ಪ ಪಿಸುಗುಟ್ಟಿದ. ಕಣ್ಣು ಮುಚ್ಚಿದ್ದ. "ಚಿಕ್ಕದು. ಒಂದಲ್ಲ, ಎರಡು. ಒಂದು ತಳ್ತಾ ಇದೆ, ಇನ್ನೊಂದು ಕಚ್ತಾ ಇದೆ. ಹಾಂ... ಅಯ್ಯೋ ಕಳ್ಳ! ಎರೆ ಪೂರಾ ತಿಂದ. ಹೋಯ್ತು."

"ನಿನಗೆ ಹೇಗೆ ಗೊತ್ತಪ್ಪ?"

"ಎಳೆದು ನೋಡು."

ಅವಳು ಸರಸರನೆ ಸುತ್ತಿದಳು. ನೀರಿನಿಂದ ಮೇಲೆ ಬಂದದ್ದು ಬೋಳು ಗಾಳ. ಎರೆಯ ಚೂರೂ ಇರಲಿಲ್ಲ.

ಆ ಗೋಡೆಯ ಮೇಲೆ ಬೋಳು ಗಾಳಕ್ಕೆ ಅಷ್ಟು ಸಂಭ್ರಮ ಪಟ್ಟವರು ಅವರಿಗಿಂತ ಮೊದಲು ಯಾರೂ ಇದ್ದಿರಲಾರರು. ಮಗಳು ಬಂಡೆಯ ಮೇಲೆ ಕುಸಿದು ಕೂತು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಮೇಷ್ಟ್ರ ಕೈಯ ಚಹಾ ಅವರ ಪಂಚೆಯ ಮೇಲೆ ಚೆಲ್ಲಿತು. ಅಪ್ಪ ಮಾತ್ರ ಬೇಸರದಿಂದ ಗದರಿದ: "ಕೂತು ಏನ್ ಮಾಡ್ತಿದೀಯ? ಬೇರೆ ಎರೆ ಹಾಕೇ! ಅವು ಇನ್ನೂ ಅಲ್ಲೇ ಇವೆ."

ಅಂದು ಅವನು ಒಂದು ಮೀನನ್ನೂ ಹಿಡಿಯಲಿಲ್ಲ. ಮರುದಿನ ಬೆಳಕು ಹರಿಯುವ ಮೊದಲೇ ತೋಳುಪಟ್ಟಿಯನ್ನು ಕೈಯಲ್ಲಿ ಹಿಡಿದು ಮಗಳ ಬಾಗಿಲು ಬಡಿದ.

ಇದೆಲ್ಲ ನಡೆದು ಮೂರು ವರ್ಷವಾಯಿತು. ಟಾರ್ಪಾಲಕ್ಕ ಈಗಲೂ ಅದೇ ಕೋಣೆಯಲ್ಲಿ ದೋಣಿಗಳಿಗೆ ಹೊದಿಕೆ ಹೊಲಿಯುತ್ತಾಳೆ. ಯಾವ ದಾರ ಕೊಡಬೇಕೆಂದು ತನಗೆ ತೋಚದಿದ್ದರೆ ಗಾಳದಂಗಡಿಯವನು ಗಿರಾಕಿಗಳನ್ನು ಅವಳ ಬಳಿ ಕಳುಹಿಸುತ್ತಾನೆ. ದಾರ ಕೇಳಿ ಬಂದವರಿಗೆ ಅವಳು ಮೊದಲು ದಾರ ತೋರಿಸುವುದಿಲ್ಲ, "ಕೈ ತೋರಿಸಿ" ಎನ್ನುತ್ತಾಳೆ. ಎಲ್ಲಿ ನಿಂತು ಎಸೆಯುತ್ತೀರಿ, ತಳದಲ್ಲಿ ಬಂಡೆಯೋ ಮರಳೋ, ಬೆರಳಿಗೆ ಸುತ್ತಿಕೊಳ್ಳುವ ಚಾಳಿ ಇದೆಯೋ ಎಂದು ವಿಚಾರಿಸಿದ ಮೇಲೆಯೇ ಇಂಥದ್ದು ಕೊಳ್ಳಿ ಎನ್ನುತ್ತಾಳೆ. ಅಪ್ಪನಂತೆಯೇ ಬೆರಳು ಮರಗಟ್ಟಿದ ಒಬ್ಬ ಗಾರೆ ಕೆಲಸದವನಿಗೂ ಒಬ್ಬ ಬಸ್ ಡ್ರೈವರಿಗೂ ತೋಳುಪಟ್ಟಿ ಹೊಲಿದುಕೊಟ್ಟಿದ್ದಾಳೆ. ಇಬ್ಬರ ಕೈಗಳ ಗೆರೆಗಳೂ ಬೇರೆ ಬೇರೆ ಕಡೆ ಬಂದವಂತೆ.

ಈ ವಾರ ಅವಳು ಅಪ್ಪನ ದಾರವನ್ನು ತಿರುವಿ ಸುತ್ತುತ್ತಿದ್ದಾಳೆ. ಹೊರಗಿನ ಅರ್ಧ ಬಿಸಿಲಿಗೂ ಉಪ್ಪಿಗೂ ಬಣ್ಣ ಬಿಟ್ಟು ನವಿರೆದ್ದಿದೆ. ಒಳಗಿನ ಅರ್ಧ ನೀರನ್ನೇ ಕಂಡಿಲ್ಲ. ಇಡೀ ದಾರವನ್ನು ಬೇರೆ ಉರುಳೆಗೆ ಬಿಚ್ಚಿಕೊಂಡು ಮರಳಿ ಸುತ್ತಿದರೆ ಹೊಸ ಭಾಗ ಮೇಲೆ ಬರುತ್ತದೆ. ಮೇಷ್ಟ್ರು ಒದ್ದೆ ಬಟ್ಟೆಯಲ್ಲಿ ದಾರ ಹಿಡಿದು ಕೂತಿದ್ದಾರೆ.

ಬಾಗಿಲಲ್ಲಿ ಅಪ್ಪ ಚಪ್ಪಲಿ ಮೆಟ್ಟಿ ನಿಂತಿದ್ದಾನೆ. "ಮೇಷ್ಟ್ರೇ, ಸ್ವಲ್ಪ ಬಿಗಿಯಾಗಿ ಹಿಡೀರಿ. ಪಾಠ ಹೇಳಿದಷ್ಟು ಸಡಿಲವಾಗಿ ಬೇಡ. ಇನ್ನೆಷ್ಟು ಹೊತ್ತೇ?"

"ಇನ್ನು ನಲವತ್ತು ಮಾರು ಇದೆಯಪ್ಪ."

"ನೀರು ಏರ್ತಾ ಇದೆ."

"ಗೊತ್ತು. ಒಂದು ಗಳಿಗೆ ಕೂತ್ಕೋ."

"ಎಲ್ಲಿ ಕೂರಲಿ? ಬೆಂಚಿನ ಮೇಲೆಲ್ಲ ನಿನ್ನ ಟಾರ್ಪಾಲು ಪೇರಿಸಿಟ್ಟಿದ್ದೀಯಲ್ಲ," ಎನ್ನುತ್ತಾನೆ ಅಪ್ಪ. ಅವಳು ತಲೆ ಎತ್ತದೆ ರೀಲಿನ ಹಿಡಿಯನ್ನು ಇನ್ನೂ ಬೇಗ ತಿರುಗಿಸುತ್ತಾಳೆ.