ಟೀಚರ್ ಜೊತೆ ಒಂದೇ ಬೆಂಚಿನಲ್ಲಿ

ಮೊನ್ನೆ ನಮ್ಮ ಆಸ್ಪತ್ರೆಯ ಬಿಲ್ ಕೌಂಟರಿಗೆ ಬಂದ ಹೆಂಗಸೊಬ್ಬರು ಹಣೆಗೆ ತಲೆನೋವಿನ ಮುಲಾಮು ಹಚ್ಚಿಕೊಂಡಿದ್ದರು. ಗಾಜಿನ ಕಿಂಡಿಯಿಂದ ಆ ಘಾಟು ಒಳಗೆ ಬಂದದ್ದೇ ನನಗೆ ಟೀಚರ್ ನೆನಪಾದರು.

ಕುಂದಾಪುರದಲ್ಲಿ ಬಟ್ಟೆ ಅಂಗಡಿಯೊಂದರ ಮಹಡಿಯ ಮೇಲೆ ಅವರ ತರಗತಿ. ಆಸ್ಪತ್ರೆಯ ಕಚೇರಿ ಕೆಲಸ ಕಲಿಸುವ ಒಂದು ವರ್ಷದ ಕೋರ್ಸು. ಪಿಯುಸಿ ಮುಗಿಸಿ ಗಂಗೊಳ್ಳಿಯಲ್ಲಿ ಅಮ್ಮನ ಜೊತೆ ಮೀನು ಒಣಗಿಸುತ್ತಿದ್ದ ನನ್ನನ್ನು ಅಪ್ಪ ಅಲ್ಲಿಗೆ ಸೇರಿಸಿದ್ದರು.

ಟೀಚರ್ ಮುಂಬೈಯ ಆಸ್ಪತ್ರೆಯೊಂದರ ರಿಸೆಪ್ಶನಿನಲ್ಲಿ ವರ್ಷಗಟ್ಟಲೆ ದುಡಿದವರು. ತಾಯಿಗೆ ಲಕ್ವ ಹೊಡೆದಾಗ ಅದನ್ನು ಬಿಟ್ಟು ಕುಂದಾಪುರದ ಹತ್ತಿರದ ತಲ್ಲೂರಿನ ಮನೆಗೆ ಬಂದಿದ್ದರು. ಮದುವೆಯಾಗಿರಲಿಲ್ಲ. ಬೆಳಿಗ್ಗೆ ತಾಯಿಯನ್ನು ಮೀಯಿಸಿ, ಉಣ್ಣಿಸಿ, ಬಸ್ಸು ಹಿಡಿದು ಬರುವಷ್ಟರಲ್ಲೇ ಸುಸ್ತಾಗಿರುತ್ತಿದ್ದರು. ಹಣೆಗೆ ಮುಲಾಮು ತಿಕ್ಕಿಕೊಂಡೇ ಪಾಠ ಶುರು. ಕಾಯಿಲೆಗಳ ಇಂಗ್ಲಿಷ್ ಹೆಸರು, ರೋಗಿಗಳ ಫೈಲು ಜೋಡಿಸುವುದು, ವಿಮೆಯ ಕಾಗದ, ಟೈಪಿಂಗು... ಎಲ್ಲಕ್ಕಿಂತ ಮೊದಲು ಕಲಿಸಿದ್ದು ಮಾತಾಡುವುದನ್ನು.

"ಬಂದೋರಿಗೆ ಮೊದ್ಲ್ ಕೂಕಣಿ ಅನ್ಕ್. ಹೆಸ್ರ್ ಕೇಂಬುದ್ ಮತ್ತೆ," ಎನ್ನುತ್ತಿದ್ದರು. ಕೂರಿಸುವುದು ಮೊದಲು, ಹೆಸರು ಕೇಳುವುದು ಆಮೇಲೆ.

ಸೇರುವವರು ಕಡಿಮೆಯಾಗುತ್ತ ಬಂದು ನಮ್ಮದೇ ಕೊನೆಯ ತಂಡವಾಯಿತು. ತರಗತಿಗೆ ಬೀಗ ಬಿದ್ದ ಮೇಲೆ ಟೀಚರ್ ಏನು ಮಾಡುತ್ತಾರೆಂದು ನಾವ್ಯಾರೂ ಕೇಳಲಿಲ್ಲ. ಅದೇ ಬೇಸಿಗೆಯಲ್ಲಿ ಕುಂದಾಪುರದಲ್ಲೊಂದು ಹೊಸ ಆಸ್ಪತ್ರೆ ತೆರೆಯಿತು. ರಿಸೆಪ್ಶನಿಗೆ ಒಬ್ಬರು ಬೇಕಿದ್ದರು. ಸಂದರ್ಶನಕ್ಕೆ ಹೋದರೆ, ಹೊರಗಿನ ಬೆಂಚಿನಲ್ಲಿ ಇಸ್ತ್ರಿ ಮಾಡಿದ ಕಾಟನ್ ಸೀರೆಯುಟ್ಟು ಟೀಚರ್ ಕೂತಿದ್ದರು. ತಿರುಗಿ ಹೋಗಿಬಿಡೋಣ ಅನ್ನಿಸಿತು. ಅವರು ಸರಿದು ಜಾಗ ಕೊಟ್ಟರು.

"ಹೆಣೆ, ಬೆವ್ರ್ ಒರ್ಸ್ಕೊ. ಒಳ್ಗೆ ಎಸಿ ಇತ್ತ್, ತಂಡಿ ಆತ್ತ್."

ಕೆಲಸ ನನಗೆ ಸಿಕ್ಕಿತು. ಎದುರಿಗೆ ಕೂರಲು ಎಳೆಯ ಮುಖ ಬೇಕು ಎಂದು ಒಳಗೆ ಟೀಚರಿಗೇ ಹೇಳಿದರಂತೆ. ಬಸ್ ಸ್ಟ್ಯಾಂಡಿನಲ್ಲಿ ಅವರು ಅದನ್ನು ಬೇರೆ ಯಾರದೋ ಸುದ್ದಿಯಂತೆ ನನಗೆ ಹೇಳಿದರು. ಹಾಗಾದರೆ ನಾನು ಸೇರುವುದಿಲ್ಲ ಎಂದೆ.

"ನಾನ್ ಕಲ್ಸಿದ್ದ್ ಎಂತಕ್ಕೆ ಮತ್ತೆ? ನಿಮ್ಗೆಲ್ಲ ಕೆಲ್ಸ ಸಿಕ್ಕೂಕೇ ಅಲ್ದಾ? ಸೇರ್ಕ್ ನೀನ್," ಎಂದವರೇ ಬಸ್ಸು ಹತ್ತಿದರು. ಕಿಟಕಿಯ ಬಳಿ ಕೂತು ಕಣ್ಣು ಮುಚ್ಚಿಕೊಂಡರು. ಬಸ್ಸು ಹೊರಟರೂ ತೆರೆಯಲಿಲ್ಲ...

ತಾಯಿ ಹೋದ ಮೇಲೆ ಅವರು ಮತ್ತೆ ಮುಂಬೈಗೆ ಹೊರಟುಬಿಟ್ಟರು. ಸಣ್ಣದೊಂದು ನರ್ಸಿಂಗ್ ಹೋಮಿನಲ್ಲಿ ಕೆಲಸ ಸಿಕ್ಕಿದೆಯೆಂದು ಒಮ್ಮೆ ಫೋನ್ ಮಾಡಿದ್ದರು. ಹಿಂದೆ ಗದ್ದಲ ಕೇಳುತ್ತಿತ್ತು. ಜನ ಬಂದರು, ಇಡುತ್ತೇನೆ ಎಂದರು. ಅದೇ ಕೊನೆ. ಅಲ್ಲೇ ತೀರಿಕೊಂಡರೆಂಬುದು ಬಹಳ ತಡವಾಗಿ ಅವರ ನೆಂಟರಿಂದ ತಿಳಿಯಿತು.

ನಮ್ಮ ತಂಡದ ಒಬ್ಬಳು ಈಗ ಬ್ರಹ್ಮಾವರದ ಆಸ್ಪತ್ರೆಯಲ್ಲಿ ದಾಖಲೆ ಕೋಣೆ ನೋಡಿಕೊಳ್ಳುತ್ತಾಳೆ. ಇನ್ನೊಬ್ಬಳು ಬೈಂದೂರಿನ ಹಲ್ಲಿನ ಡಾಕ್ಟರ ಬಳಿ ಇದ್ದಾಳೆ. ನಾನು ರಿಸೆಪ್ಶನಿನಿಂದ ಬಿಲ್ ಕೌಂಟರಿಗೆ ಬಂದಿದ್ದೇನೆ. ತಂಗಿಯ ಓದು ಮುಗಿದದ್ದು ಈ ಕೆಲಸದಿಂದಲೇ. ಅದನ್ನು ಟೀಚರಿಗೆ ಹೇಳಬೇಕಿತ್ತು.

ಪಾಳಿ ಮುಗಿದು ಬಸ್ಸಿಗೆ ಕಾಯುವಾಗ ಸೊಂಟ ನೋಯುತ್ತದೆ. ದಿನವಿಡೀ ಕಿಂಡಿಯ ಹಿಂದೆ ಕೂತೇ ಇರುತ್ತೀ, ಅದರಲ್ಲೆಂತ ದಣಿವು ಎಂದು ಮನೆಯಲ್ಲಿ ಕೇಳುತ್ತಾರೆ. ಟೀಚರ್ ಇದ್ದಿದ್ದರೆ ಹಾಗೆ ಕೇಳುತ್ತಿರಲಿಲ್ಲ.