ಹುಂಜವಿಲ್ಲದ ಹಿತ್ತಲು

ಶ್ರಾವಣದ ಎರಡನೆಯ ಸೋಮವಾರ ನನ್ನ ಡೈರಿಯಲ್ಲಿ ಹೀಗೆ ಬರೆದಿದೆ: 'ಕೋಳಿ ಕಾವು ಕೂತು ಇಪ್ಪತ್ತಾರು ದಿನ. ಪುಸ್ತಕದ ಪ್ರಕಾರ ಇಪ್ಪತ್ತೊಂದಕ್ಕೇ ಮರಿಯಾಗಬೇಕಿತ್ತು. ಕಾಳು ಮುಟ್ಟುತ್ತಿಲ್ಲ.' ಘಟಪ್ರಭಾ ಸ್ಟೇಶನ್ನಿನಲ್ಲಿ ಯಾರದೋ ಬುಟ್ಟಿಯಿಂದ ತಪ್ಪಿಸಿಕೊಂಡು ನಮ್ಮ ಟಾಂಗಾ ಹತ್ತಿದ್ದ ಕೋಳಿ ಅದು. ನಮ್ಮದು ಲಿಂಗವಂತರ ಮನೆ. ತತ್ತಿ ತಿನ್ನುವವರಿಲ್ಲ, ಕೋಳಿಯ ವಿಷಯ ತಿಳಿದವರೂ ಇಲ್ಲ. ಅದು ಸತ್ತೇ ಹೋಗುತ್ತದೆಂದು ನನಗೆ ಭಯವಾಗಿತ್ತು.

ಅಂದು ಬೀಸುವ ಕಲ್ಲು ಕುಟ್ಟಲು ಬಂದ ಕೊಣ್ಣೂರಿನ ಮುದುಕಿ ಹಿತ್ತಲನ್ನೆಲ್ಲ ನೋಡಿ, "ಅಕ್ಕಾರ, ಹುಂಜ ಎಲ್ಲೈತ್ರಿ?" ಎಂದಳು.

"ಹುಂಜ ಯಾಕ? ಒಂದ ಕೋಳಿ ಸಾಕೇನಿ."

ಮುದುಕಿ ಉಳಿ ಕೆಳಗಿಟ್ಟು ನಕ್ಕಳು. "ಹುಂಜ ಇಲ್ಲದ ಮರಿ ಹೆಂಗ ಆಗತಾವ್ರಿ? ನಿಮ್ಮ ಕಾಲೇಜಿನ್ಯಾಗ ಇದನ್ನ ಹೇಳಲಿಲ್ಲೇನ್ರಿ?"

ಮರುದಿನ ಸಂಜೆ ಅವಳು ತನ್ನ ಮನೆಯಲ್ಲಿ ಆಗಷ್ಟೇ ತತ್ತಿಯೊಡೆದು ಬಂದ ಎರಡು ಮರಿಗಳನ್ನು ತಂದು, ಬರಡು ತತ್ತಿಗಳನ್ನು ತೆಗೆದು, ಕೋಳಿಯ ಹೊಟ್ಟೆಯಡಿ ಸರಿಸಿದಳು. ಕುಕ್ಕಿ ಕೊಲ್ಲುತ್ತದೆಂದು ನಾನು ಉಸಿರು ಬಿಗಿಹಿಡಿದೆ. ಕಣ್ಣು ಸಹ ತೆರೆಯದೆ ಕೂತಿದ್ದ ಆ ಜೀವ ತಲೆ ಬಾಗಿಸಿ ಆಲಿಸಿತು. ನಾನು ಎಂದೂ ಕೇಳದ ಒಂದು ಮೆಲುದನಿ ತೆಗೆದು ರೆಕ್ಕೆ ಅಗಲಿಸಿತು. ಆಮೇಲೆ ತೂರಾಡುತ್ತ ಎದ್ದು ಬಂದು ಕಾಳೊಂದನ್ನು ಕೊಕ್ಕಿನಲ್ಲಿ ಎತ್ತಿ, ತಾನು ತಿನ್ನದೆ, ಮರಿಗಳ ಮುಂದೆ ಇಟ್ಟಿತು.

ಇದಕ್ಕೆಲ್ಲ ತಗಲಿದ್ದು ಎರಡು ಸೇರು ಜೋಳ, ಒಂದು ಕುಬಸದ ಖಣ, ಮತ್ತು ಆ ಮುದುಕಿ ಕಲ್ಲು ಕುಟ್ಟಿದ ಪ್ರತಿ ಮನೆಯಲ್ಲೂ ನನ್ನ ಬಿ.ಎ. ಪದವಿಯ ಮರ್ಯಾದೆ.